ಸರ್ವಚಕ್ರಚಾಲನೆಯಲ್ಲಿ ಅನುಮಾನದ ವ್ಯಾಪಾರ

ಮೋಟಾರು ವಾಹನಗಳ ವಿವರಣೆಗಳಲ್ಲಿ ‘ಆಲ್ ವ್ಹೀಲ್ ಡ್ರೈವ್’ ಎಂಬ ಮಾತು ಈಚೆಗೆ ಬಹಳವಾಗಿ ಕಂಡುಬರುತ್ತಿದೆ. ಇದನ್ನು ಕನ್ನಡದಲ್ಲಿ ವಿವರಿಸುವವರು ‘ಎಂಜಿನ್ನಿನ ಶಕ್ತಿಯನ್ನು ನಾಲ್ಕು ಗಾಲಿಗಳಿಗೂ ಸಮನಾಗಿ ಹಂಚುವ ಏರ್ಪಾಡು’ ಎಂದು ಬರೆಯುವುದುಂಟು. ಈ ಲಕ್ಷಣವಾಕ್ಯವನ್ನು ಪರೀಕ್ಷಿಸಿ ನೋಡಿದರೆ ಅದು ಎರಡು ಕಡೆಗಳಲ್ಲಿ ಎಡವುವುದು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಎಲೆಕ್ಟ್ರಾನಿಕ್ ನಿಯಂತ್ರಣದ ವಾಹನಗಳು ಒಣಗಿದ ನೇರವಾದ ರಸ್ತೆಯಲ್ಲಿ ಹದವಾದ ವೇಗದಿಂದ ಹೋಗುತ್ತಿರುವಾಗ, ಅವುಗಳಲ್ಲಿ ಬಹುಪಾಲಿನವುಗಳ ಶಕ್ತಿಯು ಎರಡೇ ಗಾಲಿಗಳಿಗೆ ಸಲ್ಲುತ್ತಿರುವುದು. ಮಿಕ್ಕೆರಡಕ್ಕೆ ಸಲ್ಲುವುದು ಹೆಸರಿಗೆ ಮಾತ್ರ. ಆದುದರಿಂದ ‘ನಾಲ್ಕಕ್ಕೂ’ ಎಂಬ ಮಾತಿಗೆ ಅವ್ಯಾಪ್ತಿದೋಷ ಬರುವುದು. ‘ಸಮನಾಗಿ’ ಎಂಬುದಂತೂ, ಯಾವುದು ಸಮ ಎಂಬುದನ್ನು ಹೇಳದೆ ಬಿಟ್ಟಿರುವುದರಿಂದ, ನಿಶ್ಚಿತವಾದ ಅರ್ಥವನ್ನೇ ಕೊಡದು. ಈ ಯಂತ್ರವು ನಿಜವಾಗಿ ಏನು ಮಾಡುವುದು, ಯಾವುದನ್ನು ನೋಡಿ ಮಾಡುವುದು, ಎಲ್ಲಿ ಮೋಸಹೋಗುವುದು ಎಂಬುದನ್ನು ಸಾಹಿತ್ಯದ ಅಧ್ಯಾಪಕರಿಗೂ ತಿಳಿಯುವಂತೆ ನಿರೂಪಿಸುವುದು ಈ ಲೇಖನದ ಉದ್ದೇಶ. ನಿರೂಪಣೆಯಲ್ಲಿ ನ್ಯಾಯಶಾಸ್ತ್ರದ ಕೆಲವು ಪರಿಭಾಷೆಗಳನ್ನು ಬಳಸಿಕೊಂಡಿದ್ದೇವೆ. ಇದರಿಂದ ನಮ್ಮ ಪೂರ್ವಿಕರು ಮೋಟಾರನ್ನು ಬಲ್ಲವರಾಗಿದ್ದರೆಂದು ಸಾಧಿಸುವ ಇಚ್ಛೆ ನಮಗಿಲ್ಲ. ಅಂತಹ ವಾದಗಳಿಂದ ಶಾಸ್ತ್ರಕ್ಕೆ ಗೌರವವೂ ಇಲ್ಲ, ಯಂತ್ರಕ್ಕೆ ಪ್ರಯೋಜನವೂ ಇಲ್ಲ. ಹೇಳಬೇಕಾದ ಸಂಗತಿಗೆ ಈ ಪರಿಭಾಷೆಯು ಒಪ್ಪುವುದೆಂಬುದೊಂದೇ ಕಾರಣ.

ಮೊದಲು ನಮ್ಮ ಎತ್ತಿನ ಬಂಡಿಯನ್ನು ನೆನೆಯೋಣ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ, ಒಂದರ ಹಂಗು ಮತ್ತೊಂದಕ್ಕಿಲ್ಲದೆ ತಿರುಗುವುವು. ಬಂಡಿಯನ್ನು ಎಳೆಯುವುದು ಎತ್ತು, ಗಾಲಿಯು ಎಳೆಸಿಕೊಳ್ಳುವುದು. ಮೋಟಾರಿನಲ್ಲಾದರೋ ಗಾಲಿಯೇ ನೆಲವನ್ನು ಹಿಂದಕ್ಕೆ ಒತ್ತಿ ಗಾಡಿಯನ್ನು ಮುಂದಕ್ಕೆ ದೂಡಬೇಕು. ಗಾಲಿಯು ಎಳೆಸಿಕೊಳ್ಳುವ ಸ್ಥಾನದಿಂದ ಎಳೆಯುವ ಸ್ಥಾನಕ್ಕೆ ಬಂದ ಕೂಡಲೆ, ಬಂಡಿಯಲ್ಲಿ ಇಲ್ಲದ ಒಂದು ಕಷ್ಟವು ಹುಟ್ಟುವುದು. ಒಂದೇ ಎಂಜಿನ್ನು ಎರಡು ಗಾಲಿಗಳನ್ನು ತಿರುಗಿಸಬೇಕಾದರೆ ಅವೆರಡನ್ನೂ ಒಂದಕ್ಕೊಂದು ಕೂಡಿಸಬೇಕು. ಕೂಡಿಸಿದರೆ ತಿರುವುಗಳಲ್ಲಿ ಗಾಡಿಯು ಸರಾಗವಾಗಿ ಹೊರಳದು.

ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಎಡಬಲ ಗಾಲಿಗಳ ನಡುವೆ ೧.೫ ಮೀಟರು ಅಂತರವುಳ್ಳ ಗಾಡಿಯೊಂದು ೧೦ ಮೀಟರು ತ್ರಿಜ್ಯದ ತಿರುವಿನಲ್ಲಿ ಕಾಲುಸುತ್ತು ಹೊರಳಿತೆಂದು ಇಟ್ಟುಕೊಳ್ಳೋಣ. ಒಳಗಣ ಗಾಲಿಯು ಸುಮಾರು ೧೪.೫ ಮೀಟರು, ಹೊರಗಣದು ಸುಮಾರು ೧೬.೯ ಮೀಟರು ಹಾದಿಯನ್ನು ಸವೆಸುವುದು. ಎರಡೂ ಒಂದೇ ವೇಗದಿಂದ ತಿರುಗಬೇಕೆಂದು ಕಟ್ಟಿಹಾಕಿದರೆ ಆ ಎರಡೂಕಾಲು ಮೀಟರಿಗೂ ಮಿಕ್ಕ ವ್ಯತ್ಯಾಸವನ್ನು ಟೈರುಗಳು ನೆಲಕ್ಕೆ ಉಜ್ಜಿಕೊಂಡೇ ತೀರಿಸಬೇಕು. ಇಷ್ಟೇ ಅಲ್ಲ. ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ನಡೆಯುವುವು. ಮುಂದಣ ಅಚ್ಚಿಗೂ ಹಿಂದಣ ಅಚ್ಚಿಗೂ ನಡುವೆ ೨.೬ ಮೀಟರು ಇದ್ದರೆ, ಅದೇ ಕಾಲುಸುತ್ತಿನಲ್ಲಿ ಮುಂದಿನವುಗಳಿಗೆ ಸುಮಾರು ಅರ್ಧ ಮೀಟರು ಹೆಚ್ಚು ನಡೆ ಬೀಳುವುದು. ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಕೊಡಹೊರಟವನು ಈ ಎರಡನೆಯ ವ್ಯತ್ಯಾಸಕ್ಕೂ ಎಡೆಮಾಡಬೇಕು.

ಎಡಬಲಗಳ ವ್ಯತ್ಯಾಸಕ್ಕೆ ಪರಿಹಾರವು ಹಳೆಯದು. ೧೯ನೆಯ ಶತಮಾನದ ಮೂರನೆಯ ದಶಕದಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬವನು ಹಬೆಬಂಡಿಗಾಗಿ ಹಲ್ಲುಗಾಲಿಗಳ ಒಂದು ಜೋಡಣೆಯನ್ನು ರಚಿಸಿ ಹಕ್ಕುಪತ್ರವನ್ನು ಪಡೆದನು. ಇಂದು ‘ಡಿಫರೆನ್ಷಿಯಲ್’ ಎಂದು ಕರೆಯುವುದು ಇದನ್ನೇ. ಇದರಲ್ಲಿ ಎಂಜಿನ್ನಿನಿಂದ ಬರುವ ತಿರುಚುಬಲವು ನಡುವಣ ಪುಟ್ಟ ಹಲ್ಲುಗಾಲಿಗಳ ಮೂಲಕ ಎರಡು ಕಡೆಗೂ ಸಲ್ಲುವುದು. ಎರಡು ಕಡೆಗಳ ವೇಗಗಳು ಮಾತ್ರ ಬೇರೆಬೇರೆಯಾಗಿರಬಹುದು. ತಕ್ಕಡಿಯ ದಂಡದ ಎರಡು ತುದಿಗಳು ಮೇಲುಕೆಳಗಾದರೂ ಎರಡು ಹಗ್ಗಗಳ ಮೇಲಿನ ಎಳೆತವು ಒಂದೇ ಆಗಿರುವಂತೆ ಎನ್ನಬಹುದು.

ಗುಣವಿದ್ದಲ್ಲಿಯೇ ದೋಷವೂ ಇದೆ. ಡಿಫರೆನ್ಷಿಯಲ್ಲು ಎರಡು ಕಡೆಗೂ ಸಮವಾದ ತಿರುಚುಬಲವನ್ನಲ್ಲದೆ ಬೇರೆಯದನ್ನು ಕೊಡಲಾರದು. ಒಂದು ಗಾಲಿಯು ಕೆಸರಿನಲ್ಲಿಯೂ ಮತ್ತೊಂದು ಗಟ್ಟಿನೆಲದಲ್ಲಿಯೂ ಇದ್ದರೆ, ಕೆಸರಿನ ಗಾಲಿಯು ನೆಲವನ್ನು ಹಿಡಿಯಲಾರದೆ ಬರಿದೆ ತಿರುಗುವುದು. ಅದನ್ನು ತಿರುಗಿಸಲು ಬೇಕಾದ ಬಲ ಅತ್ಯಲ್ಪ. ಆ ಅತ್ಯಲ್ಪಕ್ಕೆ ಸಮನಾದುದೇ ಗಟ್ಟಿನೆಲದ ಗಾಲಿಗೂ ಸಲ್ಲುವುದು. ಹೀಗೆ ಸಾಮರ್ಥ್ಯವುಳ್ಳ ಗಾಲಿಯು ಅಸಮರ್ಥದ ಮಟ್ಟಕ್ಕೆ ಇಳಿದು ನಿಂತುಬಿಡುವುದು. ಮಳೆಗಾಲದಲ್ಲಿ ಮಲೆನಾಡಿನ ದಾರಿಗಳಲ್ಲಿ ಒಂದು ಗಾಲಿಯು ಗಿರಗಿರನೆ ತಿರುಗುತ್ತಿದ್ದರೂ ಗಾಡಿಯು ಮುಂದಕ್ಕೆ ಹೋಗದೆ ಕುಳಿತಿರುವುದನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಈಗ ಮೊದಲು ಹೇಳಿದ ‘ಸಮ’ಶಬ್ದಕ್ಕೆ ಬರೋಣ. ಡಿಫರೆನ್ಷಿಯಲ್ಲಿನಲ್ಲಿ ಬಲವು ಸಮ, ವೇಗವು ವಿಷಮ. ಎರಡು ಕಡೆಗಳನ್ನು ಬಿಗಿಯಾಗಿ ಬೆಸೆದುಬಿಟ್ಟರೆ ವೇಗವು ಸಮ, ಬಲವು ವಿಷಮ. ಯಾವ ಗಾಲಿಗೆ ನೆಲದ ಹಿಡಿತ ಎಷ್ಟಿದೆಯೋ ಅಷ್ಟು ಬಲವನ್ನು ಅದು ಎಳೆದುಕೊಳ್ಳುವುದು. ಮುಂದಿನ ಗಾಲಿಗಳೆರಡೂ ನೀರ್ಗಲ್ಲಿನ ಮೇಲಿದ್ದರೆ ಬೆಸೆದ ಗಾಡಿಯಲ್ಲಿ ಬಹುಮಟ್ಟಿಗೆ ಬಲವೆಲ್ಲವೂ ಹಿಂದಿನವುಗಳಿಗೇ ಹೋಗುವುದು. ಆದಕಾರಣ ‘ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ’ ಎಂಬ ಮಾರಾಟಗಾರರ ಮಾತನ್ನು ಕೇಳಿದಾಗಲೆಲ್ಲ, ಅದು ಬಲವನ್ನು ಹೇಳುವುದೋ ವೇಗವನ್ನು ಹೇಳುವುದೋ ಎಂದು ವಿಚಾರಿಸಬೇಕು. ಹೆಚ್ಚಿನ ಕಡೆಗಳಲ್ಲಿ ಹೇಳಿದವನಿಗೇ ಅದು ತಿಳಿದಿರುವುದಿಲ್ಲ.

ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಕೊಡುವ ಯತ್ನವು ಮೋಟಾರಿನಷ್ಟೇ ಹಳೆಯದೆನ್ನಬಹುದು. ೧೯೦೩ರಲ್ಲಿ ಹಾಲೆಂಡಿನ ಸ್ಪೈಕರ್ ಸಂಸ್ಥೆಯವರು ಆರು ಸಿಲಿಂಡರುಗಳ ಎಂಜಿನ್ನುಳ್ಳ ಇಂತಹ ಗಾಡಿಯೊಂದನ್ನು ನಿರ್ಮಿಸಿದರು. ೧೯೬೬ರಲ್ಲಿ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್, ೧೯೮೦ರಲ್ಲಿ ಜರ್ಮನಿಯ ಆಡಿ ಕ್ವಾಟ್ರೋ ಬಂದುವು. ಕಾಡುಮೇಡುಗಳಿಗಲ್ಲದೆ ಸಾಮಾನ್ಯ ರಸ್ತೆಗೂ ಈ ಚಾಲನೆಯು ಉಪಯುಕ್ತವೆಂದು ಇವು ತೋರಿಸಿದುವು. ಇವುಗಳಲ್ಲಿ ಮುಂದಣ ಅಚ್ಚಿಗೂ ಹಿಂದಣ ಅಚ್ಚಿಗೂ ನಡುವೆ ಮೂರನೆಯದೊಂದು ಡಿಫರೆನ್ಷಿಯಲ್ಲು ಇದ್ದಿತು. ಮೂರನೆಯದು ಬಂದರೆ ಅದರ ದೋಷವೂ ಬಂದಿತು: ನಾಲ್ಕರಲ್ಲಿ ಒಂದೇ ಒಂದು ಗಾಲಿಯು ಹಿಡಿತ ತಪ್ಪಿದರೂ ಮಿಕ್ಕ ಮೂರೂ ನಿಸ್ಸಹಾಯಕವಾಗುವುವು. ಆದುದರಿಂದ ಬೇಕಾದಾಗ ಬೆಸೆಯುವ, ಬೇಡವಾದಾಗ ಬಿಡಿಸುವ ಉಪಾಯವೊಂದು ಬೇಕಾಯಿತು. ಕ್ವಾಟ್ರೋದ ಮೊದಲ ಗಾಡಿಗಳಲ್ಲಿ ಇದನ್ನು ಚಾಲಕನೇ ಕೈಯಿಂದ ಮಾಡಬೇಕಾಗಿದ್ದಿತು. ಹಿಡಿತವು ತಪ್ಪುವ ಕ್ಷಣವನ್ನು ಮನುಷ್ಯನು ಅರಿತು ಕೈಯಾಡಿಸುವಷ್ಟರಲ್ಲಿ ಆ ಕ್ಷಣವು ಕಳೆದುಹೋಗಿರುತ್ತದೆ.

ಬೆಸೆಯುವ ಮತ್ತು ಬಿಡಿಸುವ ಈ ಕೆಲಸಕ್ಕೆ ಬಂದ ಸಾಧನವು ಹಲವು ಬಿಲ್ಲೆಗಳ ಕ್ಲಚ್ಚು. ಎಣ್ಣೆಯಲ್ಲಿ ಮುಳುಗಿರುವ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿರುವರು. ಒಂದು ಬಿಟ್ಟು ಒಂದು ಬಿಲ್ಲೆಯು ಎಂಜಿನ್ನಿನ ಕಡೆಯಿಂದ ಬರುವ ದಂಡಕ್ಕೆ ಸೇರಿದೆ. ನಡುನಡುವಣ ಬಿಲ್ಲೆಗಳು ಎರಡನೆಯ ಅಚ್ಚಿನ ಕಡೆಗೆ ಸೇರಿವೆ. ಸಡಿಲವಾಗಿ ಬಿಟ್ಟರೆ ಎರಡು ಪಂಗಡಗಳೂ ತಮ್ಮತಮ್ಮ ವೇಗದಿಂದ ತಿರುಗುವುವು. ಒತ್ತಿ ಹಿಡಿದರೆ ಘರ್ಷಣೆಯಿಂದ ಒಂದಾಗುವುವು. ಒತ್ತಡವನ್ನು ಹೆಚ್ಚುಕಡಿಮೆ ಮಾಡಿದರೆ, ಒಂದರಿಂದ ಮತ್ತೊಂದಕ್ಕೆ ಎಷ್ಟು ಬಲವು ದಾಟಬಹುದೆಂಬ ಮಿತಿಯು ಹೆಚ್ಚುಕಡಿಮೆಯಾಗುವುದು. ಡಿಫರೆನ್ಷಿಯಲ್ಲು ಸಂಪೂರ್ಣ ಸ್ವಾತಂತ್ರ್ಯವನ್ನು, ಬೆಸುಗೆಯು ಸಂಪೂರ್ಣ ಪಾರತಂತ್ರ್ಯವನ್ನು ಕೊಟ್ಟರೆ, ಈ ಕ್ಲಚ್ಚು ನಡುವಣ ಎಲ್ಲ ಮೆಟ್ಟಲುಗಳನ್ನೂ ಕೊಡಬಲ್ಲುದು. ಆದರೆ ಒತ್ತಬೇಕಾದವರು ಯಾರು, ಯಾವಾಗ, ಎಷ್ಟು ಎಂಬ ಪ್ರಶ್ನೆಯು ಉಳಿಯಿತು.

ಅದಕ್ಕೆ ಮೊದಲು ಹೇಳಿದ ಉತ್ತರದಲ್ಲಿ ಎಲೆಕ್ಟ್ರಾನಿಕ್ ಏನೂ ಇರಲಿಲ್ಲ. ೧೯೮೦ರ ದಶಕದ ಹಲವು ಗಾಡಿಗಳಲ್ಲಿ ಬಿಲ್ಲೆಗಳ ನಡುವೆ ಸಿಲಿಕೋನ್ ಎಂಬ ಮಂದವಾದ ದ್ರವವನ್ನು ತುಂಬಿದ್ದರು. ಎರಡು ಪಂಗಡಗಳ ವೇಗದಲ್ಲಿ ಬಹಳ ಅಂತರವುಂಟಾದರೆ ಆ ದ್ರವವು ಪ್ರತಿರೋಧವನ್ನು ತೋರಿ ಬಲವನ್ನು ದಾಟಿಸುತ್ತಿದ್ದಿತು. ಯಾರೂ ಆಜ್ಞೆ ಮಾಡಬೇಕಾಗಿಲ್ಲ. ಆದರೆ ಆಜ್ಞೆಗೆ ಒಳಪಡುವುದೂ ಇಲ್ಲ. ಬ್ರೇಕು ಹಾಕುವಾಗ ಬಿಡು ಎಂದರೆ ಅದು ಬಿಡದು. ಎಲೆಕ್ಟ್ರಾನಿಕ್ ಆಜ್ಞೆಗೆ ಒಳಪಟ್ಟ ಬಿಲ್ಲೆಗಳ ಕ್ಲಚ್ಚು ೧೯೮೬ರ ಸುಮಾರಿನಲ್ಲಿ ಪೋರ್ಷೆ ೯೫೯ ಎಂಬ ಗಾಡಿಯಲ್ಲಿಯೂ, ೧೯೮೯ರಲ್ಲಿ ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಎಂಬುದರಲ್ಲಿಯೂ ಕಾಣಿಸಿಕೊಂಡಿತು. ನಿಸ್ಸಾನಿನವರ ಗಾಡಿಯಲ್ಲಿ ಹಿಂದಿನ ಗಾಲಿಗಳೇ ಮುಖ್ಯ. ಅಗತ್ಯ ಬಿದ್ದಾಗ ಬಲದ ಅರ್ಧದವರೆಗೆ ಮುಂದಿನವುಗಳಿಗೆ ದಾಟುವಂತೆ ಏರ್ಪಡಿಸಿದ್ದರು. ಇವೆರಡೂ ಧನಿಕರ ಮತ್ತು ಪಂದ್ಯಗಾರರ ವಾಹನಗಳು. ೧೯೯೮ರಲ್ಲಿ ಸ್ವೀಡನ್ನಿನ ಹಾಲ್ಡೆಕ್ಸ್ ಸಂಸ್ಥೆಯವರ ಜೋಡಣೆಯು ಫೋಕ್ಸ್‌ವಾಗನ್ ಗಾಲ್ಫ್, ಆಡಿ ಟಿಟಿ ಗಾಡಿಗಳಲ್ಲಿ ಬಂದ ಬಳಿಕ ಈ ವಿದ್ಯೆಯು ಸಾಮಾನ್ಯ ಗೃಹಸ್ಥರ ವಾಹನಕ್ಕೂ ಇಳಿಯಿತು.

ಹಾಲ್ಡೆಕ್ಸ್ ಜೋಡಣೆಯ ತಲೆಮಾರುಗಳನ್ನು ಹೋಲಿಸಿ ನೋಡುವುದು ಬಹಳ ಪ್ರಯೋಜನಕರ. ಮೊದಲನೆಯದರಲ್ಲಿ ಬಿಲ್ಲೆಗಳನ್ನು ಒತ್ತುವ ಎಣ್ಣೆಯ ಒತ್ತಡವನ್ನು ಹುಟ್ಟಿಸುತ್ತಿದ್ದುದು ಮುಂದಣ ಹಿಂದಣ ದಂಡಗಳ ವೇಗದ ಅಂತರವೇ. ಅಂತರವಿದ್ದರೆ ಒಳಗಣ ಪುಟ್ಟ ಪಂಪು ಎಣ್ಣೆಯನ್ನು ಒತ್ತುವುದು. ನಿಯಂತ್ರಕವು ಕವಾಟವೊಂದನ್ನು ತೆರೆದು ಮುಚ್ಚಿ, ಆ ಒತ್ತಡದಲ್ಲಿ ಎಷ್ಟನ್ನು ಉಳಿಸಬೇಕು ಎಷ್ಟನ್ನು ಸೋರಬಿಡಬೇಕು ಎಂದು ನಿರ್ಧರಿಸುವುದು. ಕಾಲುಸುತ್ತಿಗಿಂತಲೂ ಕಡಿಮೆ ಅಂತರವೇ ಸಾಕಾಗುತ್ತಿದ್ದಿತು. ಆದರೂ ಆ ಅಲ್ಪ ಅಂತರವು ಹುಟ್ಟುವವರೆಗೆ, ಅಂದರೆ ಗಾಲಿಯು ಸ್ವಲ್ಪವಾದರೂ ಜಾರುವವರೆಗೆ, ನಿಯಂತ್ರಕದ ಕೈಯಲ್ಲಿ ಬಲವಿರಲಿಲ್ಲ. ೨೦೦೭ರ ಸುಮಾರಿಗೆ ಬಂದ ನಾಲ್ಕನೆಯ ತಲೆಮಾರಿನಲ್ಲಿ ವಿದ್ಯುತ್ತಿನ ಪಂಪೇ ಒತ್ತಡವನ್ನು ಕೊಡತೊಡಗಿತು. ಗಾಲಿಯು ಜಾರದೆ ಇದ್ದರೂ, ಗಾಡಿಯು ಇನ್ನೂ ನಿಂತಿದ್ದರೂ, ಬಿಲ್ಲೆಗಳನ್ನು ಮುಂಚಿತವಾಗಿಯೇ ಒತ್ತಿಡುವುದು ಸಾಧ್ಯವಾಯಿತು. ಬೇರೆ ತಯಾರಕರಲ್ಲಿ ಕೆಲವರು ಎಣ್ಣೆಯ ಒತ್ತಡಕ್ಕೆ ಬದಲಾಗಿ ವಿದ್ಯುತ್ಕಾಂತವನ್ನು ಬಳಸುವರು. ಕಾಂತವು ಒಂದು ಚಿಕ್ಕ ಕ್ಲಚ್ಚನ್ನು ಮಾತ್ರ ಸೆಳೆದು ಹಿಡಿಯುವುದು. ಆ ಹಿಡಿತವು ಇಳಿಜಾರು ತೋಡುಗಳಲ್ಲಿ ಕುಳಿತ ಗುಂಡುಗಳನ್ನು ಹೊರಳಿಸಿ ದೊಡ್ಡ ಕ್ಲಚ್ಚನ್ನು ಒತ್ತಿಸುವುದು. ಸಾಧನ ಯಾವುದೇ ಆಗಲಿ, ‘ಜಾರಿದ ಮೇಲೆ’ ಎಂಬಲ್ಲಿಂದ ‘ಜಾರುವ ಮೊದಲು’ ಎಂಬಲ್ಲಿಗೆ ಬಂದುದೇ ಈ ವಿದ್ಯೆಯ ಚರಿತ್ರೆಯಲ್ಲಿ ಮುಖ್ಯವಾದ ಹೆಜ್ಜೆಯೆಂದು ನಮ್ಮ ಅಭಿಪ್ರಾಯ. ಇದನ್ನು ಹೇಳುವುದಕ್ಕಾಗಿಯೇ ನ್ಯಾಯದ ಪರಿಭಾಷೆಯು ನಮಗೆ ಬೇಕಾದುದು.

ನಿಯಂತ್ರಕಕ್ಕೆ ಪ್ರತ್ಯಕ್ಷವಾಗುವುದು ಏನು? ಬಹು ಸ್ವಲ್ಪ. ಪ್ರತಿ ಗಾಲಿಯ ಬಳಿಯಲ್ಲಿ ಹಲ್ಲುಗಳುಳ್ಳ ಅಥವಾ ಕಾಂತದ ಗುರುತುಗಳುಳ್ಳ ಬಳೆಯೊಂದು ಗಾಲಿಯೊಡನೆ ತಿರುಗುವುದು. ಎದುರಿಗಿರುವ ಸಂವೇದಕವು ಒಂದೊಂದು ಹಲ್ಲು ದಾಟಿದಾಗಲೂ ಒಂದು ವಿದ್ಯುತ್ಸಂಜ್ಞೆಯನ್ನು ಕಳುಹಿಸುವುದು. ಹಲ್ಲುಗಳು ೪೮ ಎಂದೂ ಟೈರಿನ ತ್ರಿಜ್ಯವು ೩೩೦ ಮಿಲ್ಲಿಮೀಟರೆಂದೂ ಇಟ್ಟುಕೊಂಡರೆ, ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು ೩೮೫ ಸಂಜ್ಞೆಗಳು ಬರುವುವು. ಇವುಗಳಲ್ಲದೆ ಸ್ಟಿಯರಿಂಗ್ ಚಕ್ರವು ಎಷ್ಟು ತಿರುಗಿದೆ, ಆಕ್ಸಿಲರೇಟರನ್ನು ಎಷ್ಟು ತುಳಿದಿದೆ, ಗಾಡಿಯು ತನ್ನ ನಡುವಿನ ಸುತ್ತ ಎಷ್ಟು ವೇಗದಿಂದ ಹೊರಳುತ್ತಿದೆ, ಪಕ್ಕಕ್ಕೂ ಮುಂದಕ್ಕೂ ಎಷ್ಟು ತಳ್ಳಲ್ಪಡುತ್ತಿದೆ ಎಂಬ ಸಂಜ್ಞೆಗಳುಂಟು. ಅಷ್ಟೇ. ಗಾಡಿಯ ನಿಜವಾದ ವೇಗವಾಗಲಿ, ಗಾಲಿಯ ಜಾರುವಿಕೆಯಾಗಲಿ, ನೆಲದ ಹಿಡಿತವಾಗಲಿ ಅದಕ್ಕೆ ಪ್ರತ್ಯಕ್ಷವಲ್ಲ. ಇವೆಲ್ಲವೂ ಅನುಮೇಯಗಳು.

ಗೌತಮನ ನ್ಯಾಯಸೂತ್ರದಲ್ಲಿ ಅನುಮಾನವು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರು ಬಗೆಯಾಗಿ ಹೇಳಲ್ಪಟ್ಟಿದೆ. ವಾತ್ಸ್ಯಾಯನನು ಕೊಡುವ ವ್ಯಾಖ್ಯಾನಗಳಲ್ಲಿ ಮೊದಲನೆಯದನ್ನು ಹಿಡಿದರೆ, ಕಾರಣದಿಂದ ಕಾರ್ಯವನ್ನು ಊಹಿಸುವುದು ಪೂರ್ವವತ್ತು. ಮೋಡ ಕವಿದುದನ್ನು ಕಂಡು ಮಳೆ ಬರುವುದೆಂದು ತಿಳಿಯುವುದು ಇದಕ್ಕೆ ನಿದರ್ಶನ. ಕಾರ್ಯದಿಂದ ಕಾರಣವನ್ನು ಊಹಿಸುವುದು ಶೇಷವತ್ತು. ಹೊಳೆಯು ಕದಡಿ ತುಂಬಿ ಹರಿಯುವುದನ್ನು ಕಂಡು ಮೇಲೆ ಮಳೆಯಾಯಿತೆಂದು ತಿಳಿಯುವುದು. ಸೂರ್ಯನನ್ನು ಬೇರೊಂದು ಎಡೆಯಲ್ಲಿ ಕಂಡು, ಕಣ್ಣಿಗೆ ಕಾಣದ ಅವನ ಗತಿಯನ್ನು ಊಹಿಸುವುದು ಮೂರನೆಯದು.

ಇದನ್ನು ಮೇಲೆ ಹೇಳಿದ ತಲೆಮಾರುಗಳಿಗೆ ಹೊಂದಿಸಿ ನೋಡಿದರೆ, ಹಳೆಯ ಜೋಡಣೆಗಳೆಲ್ಲವೂ ಶೇಷವತ್ತನ್ನು ನಂಬಿದವು. ಮುಂದಿನ ಗಾಲಿಯು ಹಿಂದಿನದಕ್ಕಿಂತ ಹೆಚ್ಚಾಗಿ ತಿರುಗಿತು. ಆದುದರಿಂದ ಅದು ಜಾರಿದೆ. ಆದುದರಿಂದ ಹಿಂದಿನದಕ್ಕೆ ಬಲವನ್ನು ಕೊಡತಕ್ಕುದು. ಇದು ಹೊಳೆಯು ತುಂಬಿದ ಮೇಲೆ ಮಳೆಯನ್ನು ತಿಳಿದಂತೆ. ಹೊಸವು ಪೂರ್ವವತ್ತನ್ನು ನಂಬುವುವು. ಚಾಲಕನು ಆಕ್ಸಿಲರೇಟರನ್ನು ಇದ್ದಕ್ಕಿದ್ದಂತೆ ಪೂರ್ತಿಯಾಗಿ ತುಳಿದನು. ಮುಂದಿನ ಎರಡು ಗಾಲಿಗಳು ಅಷ್ಟು ಬಲವನ್ನು ತಾಳಲಾರವು. ಆದುದರಿಂದ ಇನ್ನೂ ಜಾರದಿದ್ದರೂ ಬಿಲ್ಲೆಗಳನ್ನು ಈಗಲೇ ಒತ್ತತಕ್ಕುದು. ಇಲ್ಲಿ ಕಂಡುದು ಮೋಡ. ನೆಲದ ಹಿಡಿತವನ್ನು ಅಳೆಯುವ ಬಗೆಯು ಮೂರನೆಯ ಪಂಗಡಕ್ಕೆ ಸೇರುವುದು. ಒಣ ಡಾಂಬರಿನಲ್ಲಿ ಘರ್ಷಣಾಂಕವು ೦.೮ ಅಥವಾ ಅದಕ್ಕೂ ಮೇಲೆ, ನೀರ್ಗಲ್ಲಿನ ಮೇಲೆ ೦.೧ರ ಆಸುಪಾಸು ಇರುವುದು. ಆದರೆ ಇದನ್ನು ನೇರವಾಗಿ ತೋರಿಸುವ ಸಂವೇದಕವು ಸಾಮಾನ್ಯವಾದ ಗಾಡಿಗಳಲ್ಲಿಲ್ಲ. ಇಷ್ಟು ಬಲವನ್ನು ಕೊಟ್ಟರೆ ಇಷ್ಟು ಜಾರಿತು ಎಂಬ ಸಂಬಂಧದಿಂದ ಕಾಣದುದನ್ನು ಊಹಿಸಬೇಕು.

ಇಲ್ಲಿ ಒಂದು ಶಂಕೆಯು ಬರುವುದು. ನೈಯಾಯಿಕರ ಮತದಲ್ಲಿ ಜ್ಞಾನವು ಆತ್ಮನ ಗುಣ. ಕಬ್ಬಿಣಕ್ಕೂ ಸಿಲಿಕಾನಿಗೂ ಆತ್ಮವಿಲ್ಲ. ಆದುದರಿಂದ ಯಂತ್ರವು ಅನುಮಾನ ಮಾಡುವುದೆಂಬ ಮಾತೇ ಅಸಂಗತವಲ್ಲವೆ? ಸಮಾಧಾನವೇನೆಂದರೆ, ಅನುಮಾನವು ಯಂತ್ರದ್ದಲ್ಲ, ಅದನ್ನು ರಚಿಸಿದ ಶಿಲ್ಪಿಯದು. ಹೊಗೆಯಿದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿಯನ್ನು ಹೇಗೋ ಹಾಗೆ, ಇಂತಹ ಸಂಜ್ಞೆಯಿದ್ದಲ್ಲಿ ಇಂತಹ ಜಾರುವಿಕೆ ಎಂಬ ವ್ಯಾಪ್ತಿಯನ್ನು ಅವನು ಪರೀಕ್ಷೆಗಳಿಂದ ನಿಶ್ಚಯಿಸಿ, ನಿಯಂತ್ರಕದಲ್ಲಿ ಕೋಷ್ಟಕಗಳಾಗಿಯೂ ಸಮೀಕರಣಗಳಾಗಿಯೂ ಬರೆದಿಟ್ಟಿರುವನು. ಯಂತ್ರವು ಅದನ್ನು ಸೆಕೆಂಡಿಗೆ ನೂರಾರು ಸಲ ಪಾರಾಯಣ ಮಾಡುವುದು. ಈ ವಿಚಾರವು ಬರಿಯ ಶಬ್ದಕಲಹವಲ್ಲ. ವ್ಯಾಪ್ತಿಯನ್ನು ನಿಶ್ಚಯಿಸುವಾಗ ಶಿಲ್ಪಿಯು ಎಣಿಸದೆ ಬಿಟ್ಟುದು ರಸ್ತೆಯಲ್ಲಿ ಎದುರಾದರೆ, ‘ಇದೇನೋ ಬೇರೆ’ ಎಂದು ಯಂತ್ರಕ್ಕೆ ಸಂದೇಹವೂ ಹುಟ್ಟದು.

ಅಂತಹ ಸ್ಥಳಗಳು ಯಾವುವು? ಗಾಲಿಗಳ ವೇಗದ ಅಂತರವೆಂಬ ಹೇತುವನ್ನೇ ತೆಗೆದುಕೊಳ್ಳೋಣ. ಜಾರಿದಾಗಲೂ ಅಂತರವಿರುವುದು, ಜಾರದೆ ತಿರುವಿನಲ್ಲಿ ಹೊರಳುವಾಗಲೂ ಇರುವುದು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಇರುವ ಇಂತಹ ಹೇತುವು ಸವ್ಯಭಿಚಾರವೆಂಬ ಹೇತ್ವಾಭಾಸ. ಇದಕ್ಕೆ ಶಿಲ್ಪಿಗಳು ಮಾಡಿದ ಪರಿಹಾರವು ಸೊಗಸಾದುದು: ಸ್ಟಿಯರಿಂಗಿನ ಕೋನದಿಂದ ತಿರುವಿನ ಅಂತರವನ್ನು ಲೆಕ್ಕಹಾಕಿ ಕಳೆದು, ಉಳಿದುದನ್ನು ಮಾತ್ರ ಜಾರುವಿಕೆಯೆಂದು ಎಣಿಸುವುದು. ಎರಡನೆಯ ವ್ಯಭಿಚಾರವು ಇಷ್ಟು ಸುಲಭವಾಗಿ ಕಳೆಯದು. ಹಿಂದಿನ ಟೈರುಗಳು ಹೊಸವು, ಮುಂದಿನವು ಸವೆದವು ಎನ್ನೋಣ. ಹೊಸದರ ಪದರವು ೮ ಮಿಲ್ಲಿಮೀಟರೂ ಸವೆದುದರದು ೨ ಮಿಲ್ಲಿಮೀಟರೂ ಆದರೆ, ೩೩೦ ಮಿಲ್ಲಿಮೀಟರು ತ್ರಿಜ್ಯದ ಗಾಲಿಯು ಸವೆದಾಗ ೩೨೪ ಆಗುವುದು. ಕಿಲೋಮೀಟರಿಗೆ ೪೮೨ ಸುತ್ತುಗಳ ಬದಲು ೪೯೧ ಸುತ್ತುಗಳಾಗುವುವು. ನೂರಕ್ಕೆ ಸುಮಾರು ೧.೮ರಷ್ಟು ಅಂತರ. ಬಲವನ್ನು ದಾಟಿಸುವ ಗಾಲಿಯು ಸಹಜವಾದ ನಡಿಗೆಯಲ್ಲಿಯೂ ನೂರಕ್ಕೆ ಒಂದೆರಡು ಪಾಲು ಜಾರುತ್ತಲೇ ಇರುವುದು; ಈ ಕೃತಕವಾದ ಅಂತರವು ಅದೇ ಅಳತೆಯದಾದುದರಿಂದ ಎರಡನ್ನು ಬೇರ್ಪಡಿಸುವುದು ಕಷ್ಟ. ನೇರವಾದ ರಸ್ತೆಯಲ್ಲಿ ಬಹಳ ಹೊತ್ತು ಒಂದೇ ಅಂತರವು ನಿಂತರೆ ಅದು ಟೈರಿನದೆಂದು ಕಲಿತು ತಿದ್ದಿಕೊಳ್ಳುವ ನಿಯಂತ್ರಕಗಳುಂಟು. ಆದರೂ ಬಿಲ್ಲೆಗಳು ಒತ್ತಿದಾಗಲೆಲ್ಲ ಕಿಲೋಮೀಟರಿಗೆ ಒಂಬತ್ತು ಸುತ್ತುಗಳ ಜಗಳವು ಅವುಗಳ ನಡುವೆ ನಡೆದೇ ಇರುವುದು. ಅದು ಶಾಖವಾಗಿ ಎಣ್ಣೆಯನ್ನೂ ಬಿಲ್ಲೆಗಳನ್ನೂ ಕೆಡಿಸುವುದು. ಇಂತಹ ಗಾಡಿಗಳಿಗೆ ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿ, ಸರಿಸುಮಾರು ಒಂದೇ ಸವೆತದವಾಗಿ ಇರಬೇಕೆಂದು ತಯಾರಕರು ಹೇಳುವುದು ವ್ಯಾಪಾರದ ತಂತ್ರವೆಂದು ಹಲವರು ಭಾವಿಸುತ್ತಾರೆ; ಅದು ಹಾಗಲ್ಲ.

ಮೂರನೆಯ ತೊಡಕು ಸರ್ವಚಕ್ರಚಾಲನೆಗೇ ವಿಶಿಷ್ಟವಾದುದು. ಎರಡೇ ಗಾಲಿಗಳಿಗೆ ಶಕ್ತಿಯಿರುವ ಗಾಡಿಯಲ್ಲಿ ಮಿಕ್ಕೆರಡು ಗಾಲಿಗಳು ಉದಾಸೀನ ಸಾಕ್ಷಿಗಳು. ಅವು ನೆಲದೊಡನೆ ಸುಮ್ಮನೆ ಉರುಳುವುದರಿಂದ ಗಾಡಿಯ ನಿಜವಾದ ವೇಗವನ್ನು ಅವುಗಳಿಂದ ತಿಳಿಯಬಹುದು; ಅದಕ್ಕೆ ಹೋಲಿಸಿ ಜಾರಿದ ಗಾಲಿಯನ್ನು ಗುರುತಿಸಬಹುದು. ನಾಲ್ಕಕ್ಕೂ ಶಕ್ತಿಯು ಹರಿಯತೊಡಗಿದರೆ ಸಾಕ್ಷಿಗಳೆಲ್ಲರೂ ವ್ಯವಹಾರದಲ್ಲಿ ಭಾಗಿಗಳಾದಂತಾಯಿತು. ಹಿಮದ ಮೇಲೆ ನಾಲ್ಕೂ ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಜಾರಿದರೆ, ನಾಲ್ಕೂ ಒಂದೇ ಸುಳ್ಳನ್ನು ಹೇಳುವುವು. ಅಂತರವೇ ಇಲ್ಲದುದರಿಂದ ನಿಯಂತ್ರಕವು ಎಲ್ಲವೂ ಸರಿಯಾಗಿದೆಯೆಂದು ತಿಳಿಯುವುದು. ಆದುದರಿಂದ ಗಾಲಿಗಳಿಗೆ ಸಂಬಂಧಿಸದ ಸಾಕ್ಷಿಯೊಂದು ಬೇಕಾಯಿತು. ಗಾಡಿಯ ಮೈಯಲ್ಲಿ ಕುಳಿತು ಅದರ ವೇಗವು ಹೆಚ್ಚುವ ಪರಿಯನ್ನು ತಾನಾಗಿಯೇ ಅಳೆಯುವ ಸಂವೇದಕವೇ ಅದು. ಗಾಲಿಗಳ ಲೆಕ್ಕದಂತೆ ವೇಗವು ಇಮ್ಮಡಿಸಿದೆ, ಮೈಯ ಲೆಕ್ಕದಂತೆ ಗಾಡಿಯು ಅಷ್ಟು ತಳ್ಳಲ್ಪಟ್ಟೇ ಇಲ್ಲ ಎಂದು ಕಂಡರೆ ಗಾಲಿಗಳ ಮಾತನ್ನು ನಂಬಲಾಗದು. ಆದರೆ ಏರುದಾರಿಯಲ್ಲಿ ಈ ಸಾಕ್ಷಿಯೂ ಸ್ವಲ್ಪ ತಪ್ಪಿ ಹೇಳುವುದು. ಇಳಿಜಾರಿನ ಸೆಳೆತವನ್ನೂ ವೇಗದ ಹೆಚ್ಚಳವನ್ನೂ ಅದು ಬೇರ್ಪಡಿಸಲಾರದು. ಆದಕಾರಣ ಹಲವು ಸಾಕ್ಷಿಗಳ ಮಾತನ್ನು ತೂಗಿ ನೋಡುವುದೇ ನಿಯಂತ್ರಕದ ದೊಡ್ಡ ಕೆಲಸವಾಗಿದೆ. ತೂಗಿ ಮಾಡಿದ ನಿಶ್ಚಯವು ಸರಿಯೋ ತಪ್ಪೋ ಎಂಬುದು ಫಲದಿಂದ ತಿಳಿಯಬೇಕು. ಒತ್ತಡವನ್ನು ಹೆಚ್ಚಿಸಿದ ಬಳಿಕ ಅಂತರವು ಕುಗ್ಗಿದರೆ ಊಹೆಯು ಸರಿ. ಕುಗ್ಗದಿದ್ದರೆ ಮತ್ತೆ ಲೆಕ್ಕ. ಪ್ರವೃತ್ತಿಯು ಸಫಲವಾದುದರಿಂದ ಜ್ಞಾನದ ಪ್ರಾಮಾಣ್ಯವನ್ನು ತಿಳಿಯುವ ನೈಯಾಯಿಕರ ಕ್ರಮವು ವಾಚಕರಿಗೆ ಇಲ್ಲಿ ನೆನಪಾಗಬಹುದು.

ಮುಂದಣ ಹಿಂದಣ ಹಂಚಿಕೆಯನ್ನು ಇಷ್ಟು ಹೇಳಿದರೆ ಸಾಕು. ಎಡಬಲಗಳ ಹಂಚಿಕೆಗೆ ಹೆಚ್ಚಿನ ಗಾಡಿಗಳಲ್ಲಿ ಬ್ರೇಕನ್ನೇ ಬಳಸುವರು. ಕೆಸರಿನಲ್ಲಿ ಬರಿದೆ ತಿರುಗುವ ಗಾಲಿಗೆ ನಿಯಂತ್ರಕವು ತಾನಾಗಿ ಬ್ರೇಕು ಹಾಕುವುದು. ಆಗ ಆ ಗಾಲಿಯನ್ನು ತಿರುಗಿಸಲು ಹೆಚ್ಚು ಬಲವು ಬೇಕಾಗುವುದು. ಡಿಫರೆನ್ಷಿಯಲ್ಲಿನ ಸಮಬಲದ ನಿಯಮದಿಂದ ಅಷ್ಟೇ ಬಲವು ಎದುರಿನ ಗಾಲಿಗೂ ಸಲ್ಲುವುದು. ಮುಂದಕ್ಕೆ ಹೋಗುವುದಕ್ಕಾಗಿ ಬ್ರೇಕು ಹಾಕುವ ಈ ಉಪಾಯವು ಸ್ವಾರಸ್ಯವಾದುದೇ ಸರಿ, ಆದರೆ ಬ್ರೇಕಿನಲ್ಲಿ ವ್ಯಯವಾದ ಶಕ್ತಿಯು ವ್ಯರ್ಥವೇ. ೨೦೦೪ರಲ್ಲಿ ಹೋಂಡಾದವರು ಲೆಜೆಂಡ್ ಎಂಬ ಗಾಡಿಯಲ್ಲಿ ಹಿಂದಿನ ಎರಡು ಗಾಲಿಗಳಿಗೂ ಬೇರೆಬೇರೆ ಕ್ಲಚ್ಚುಗಳನ್ನಿಟ್ಟು, ತಿರುವಿನಲ್ಲಿ ಹೊರಗಣ ಗಾಲಿಗೆ ಹೆಚ್ಚು ಬಲವನ್ನು ಕೊಟ್ಟು ಗಾಡಿಯೇ ಒಳಮುಖವಾಗಿ ಹೊರಳುವಂತೆ ಮಾಡಿದರು.

ನಮ್ಮ ನಾಡಿನಲ್ಲಿಯೂ ಇಂತಹ ವಾಹನವು ತಯಾರಾಗಿದೆ. ೨೦೨೨ರಲ್ಲಿ ಮಾರಾಟಕ್ಕೆ ಬಂದ ಮಾರುತಿ ಸುಜುಕಿಯವರ ಗ್ರ್ಯಾಂಡ್ ವಿಟಾರಾ, ಟೊಯೋಟಾದವರ ಹೈರೈಡರ್ ಎಂಬ ಎರಡು ಗಾಡಿಗಳೂ ಬೆಂಗಳೂರಿನ ಬಳಿಯ ಬಿಡದಿಯ ಕಾರ್ಖಾನೆಯಲ್ಲಿ ನಿರ್ಮಿತವಾದುವು. ಇವುಗಳ ಕೆಲವು ಬಗೆಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಸರ್ವಚಕ್ರಚಾಲನೆಯಿದ್ದಿತು. ಚಾಲಕನು ಆರಿಸಿಕೊಳ್ಳಲು ‘ಆಟೋ’, ‘ಸ್ಪೋರ್ಟ್’, ‘ಸ್ನೋ’, ‘ಲಾಕ್’ ಎಂಬ ನಾಲ್ಕು ಕ್ರಮಗಳನ್ನು ಗ್ರ್ಯಾಂಡ್ ವಿಟಾರಾದಲ್ಲಿ ಕೊಟ್ಟಿದ್ದರು. ಈ ಗುಂಡಿಯು ಯಂತ್ರದ ಹೊಸದೊಂದು ಭಾಗವನ್ನೇನೂ ಜೋಡಿಸುವುದಿಲ್ಲ. ಅದೇ ಬಿಲ್ಲೆಗಳು, ಅದೇ ಸಂಜ್ಞೆಗಳು. ಯಾವ ನೆಲವನ್ನು ಭಾವಿಸಿಕೊಂಡು ಊಹಿಸಬೇಕೆಂಬುದನ್ನು ಚಾಲಕನು ನಿಯಂತ್ರಕಕ್ಕೆ ಹೇಳಿದಂತಾಯಿತು. ಕಾಣಲಾರದ ಯಂತ್ರಕ್ಕೆ ಕಣ್ಣುಳ್ಳವನು ಕೊಡುವ ಆಪ್ತವಾಕ್ಯವೆಂದು ಇದನ್ನು ತಿಳಿಯಬಹುದು. ಕೆಸರನ್ನು ಕಂಡೂ ಗುಂಡಿಯನ್ನು ಮುಟ್ಟದ ಚಾಲಕನು ಯಂತ್ರಕ್ಕೆ ಒಂದು ಪ್ರಮಾಣವನ್ನು ಕಡಿಮೆ ಮಾಡಿದವನಾಗುವನು.

ಇನ್ನು ಈ ಚಾಲನೆಯಿಂದ ಆಗದ ಕೆಲಸವನ್ನು ಹೇಳಬೇಕು. ಪ್ರಾಣಕ್ಕೆ ಸಂಬಂಧಿಸಿದುದಾದ್ದರಿಂದ ಇದನ್ನು ಲಘುವಾಗಿ ಬಿಡಲಾಗದು. ಏರನ್ನು ಹತ್ತುವುದರಲ್ಲಿ ಇದರ ಲಾಭವು ನಿಜ. ಘರ್ಷಣಾಂಕವು ೦.೨ ಇರುವ ಜಾರುನೆಲದಲ್ಲಿ, ಭಾರದ ನೂರಕ್ಕೆ ೬೦ ಪಾಲು ಮುಂದಿನ ಗಾಲಿಗಳ ಮೇಲಿದ್ದು ಅವು ಮಾತ್ರ ಎಳೆಯುವ ಗಾಡಿಯು, ಭಾರವು ಹಿಂದಕ್ಕೆ ಸರಿಯುವುದನ್ನು ಎಣಿಸದಿದ್ದರೂ, ನೂರಕ್ಕೆ ಸುಮಾರು ೧೨ರ ಏರನ್ನು ಹತ್ತಬಲ್ಲುದು. ನಾಲ್ಕೂ ಎಳೆದರೆ ಸುಮಾರು ೨೦ರ ಏರನ್ನು ಹತ್ತಬಲ್ಲುದು. ಆದರೆ ನಿಲ್ಲಿಸುವ ಲೆಕ್ಕದಲ್ಲಿ ಎಳೆಯುವ ಗಾಲಿಗಳ ಸಂಖ್ಯೆಗೆ ಸ್ಥಾನವೇ ಇಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುವುದು. ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಬರುವ ಗಾಡಿಯು ಘರ್ಷಣಾಂಕ ೦.೮ ಇರುವಲ್ಲಿ ಬ್ರೇಕು ಹಾಕಿದ ಬಳಿಕ ಸುಮಾರು ೧೮ ಮೀಟರಿನಲ್ಲಿ, ೦.೪ ಇರುವಲ್ಲಿ ೩೫ ಮೀಟರಿನಲ್ಲಿ, ೦.೧ ಇರುವಲ್ಲಿ ೧೪೦ ಮೀಟರಿಗೂ ಮೇಲೆ ನಿಲ್ಲುವುದು. ಅದು ದ್ವಿಚಕ್ರಚಾಲಿತವೋ ಸರ್ವಚಕ್ರಚಾಲಿತವೋ ಎಂಬುದನ್ನು ನೆಲವು ಕೇಳುವುದಿಲ್ಲ. ಗಾಲಿಗಳು ಕಚ್ಚಿಕೊಳ್ಳದಂತೆ ಬ್ರೇಕಿನ ನಿಯಂತ್ರಕವು ಒಂದೊಂದನ್ನೂ ಪ್ರತ್ಯೇಕವಾಗಿ ಹಿಡಿದು ಬಿಡಬೇಕಾದುದರಿಂದ, ಬಲವಾಗಿ ಬ್ರೇಕು ಹಾಕಿದ ಕ್ಷಣದಲ್ಲಿ ನಡುವಣ ಕ್ಲಚ್ಚನ್ನು ಬಿಡಿಸಿಯೇ ಬಿಡುವರು. ಅಂದರೆ ಅಪಾಯದ ಆ ಹೊತ್ತಿನಲ್ಲಿ ಸರ್ವಚಕ್ರಚಾಲನೆಯು ಇಲ್ಲದಂತೆಯೇ ಆಗುವುದು. ಜಾರುದಾರಿಯಲ್ಲಿ ಸುಲಭವಾಗಿ ವೇಗವನ್ನು ಪಡೆದವನಿಗೆ ದಾರಿಯು ಜಾರುವುದೆಂಬುದೇ ತಿಳಿಯದೆ ಹೋಗುವುದುಂಟು. ಮಾರಾಟದ ವಿವರಣೆಗಳಲ್ಲಿ ಈ ಚಾಲನೆಯನ್ನು ಬರಿದೆ ‘ಸುರಕ್ಷತೆ’ಯೆಂಬ ಶಬ್ದದಿಂದ ವರ್ಣಿಸುವುದು ಆದಕಾರಣ ನಮಗೆ ಒಪ್ಪಿಗೆಯಾಗದು.

ವಿದ್ಯುತ್ತಿನಿಂದ ನಡೆಯುವ ಗಾಡಿಗಳಲ್ಲಿ ಈ ವಿಷಯವೆಲ್ಲವೂ ಬೇರೊಂದು ರೂಪವನ್ನು ತಾಳಿದೆ. ಗಾಲಿಗಳಲ್ಲಿಯೇ ಮೋಟಾರುಗಳನ್ನಿಡುವ ಪ್ರಯೋಗವನ್ನು ೧೯೦೦ರಲ್ಲಿಯೇ ಲೋನರ್-ಪೋರ್ಷೆ ಬಂಡಿಯಲ್ಲಿ ಮಾಡಿದ್ದರು. ೨೦೧೪ರಲ್ಲಿ ಟೆಸ್ಲಾದವರು ಮಾಡೆಲ್ ಎಸ್ ಗಾಡಿಯಲ್ಲಿ ಮುಂದಣ ಅಚ್ಚಿಗೊಂದು ಹಿಂದಣ ಅಚ್ಚಿಗೊಂದು ಮೋಟಾರನ್ನಿಟ್ಟ ಮೇಲೆ ಈ ಕ್ರಮವು ಹಲವು ತಯಾರಕರಲ್ಲಿ ರೂಢಿಯಾಯಿತು. ಇವುಗಳಲ್ಲಿ ನಡುವಣ ದಂಡವೂ ಇಲ್ಲ, ಬಿಲ್ಲೆಗಳೂ ಇಲ್ಲ. ಒಂದೊಂದು ಮೋಟಾರಿನ ಬಲವನ್ನೂ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಏರಿಸಿ ಇಳಿಸಬಹುದು. ಎರಡು ಅಚ್ಚುಗಳ ಸಂಬಂಧವು ನಿಯಂತ್ರಕದ ಲೆಕ್ಕದಲ್ಲಿ ಮಾತ್ರ ಇರುವುದು. ಟೈರುಗಳ ಸವೆತದ ಅಂತರದಿಂದ ಬಿಲ್ಲೆಗಳು ಸುಡುವ ಭಯವು ತಪ್ಪಿತು. ನೆಲದ ಹಿಡಿತವು ಅನುಮೇಯವಾಗಿರುವುದೂ, ನಾಲ್ಕೂ ಜಾರಿದಾಗ ಸಾಕ್ಷಿಯಿಲ್ಲದಿರುವುದೂ ಹಿಂದಿನಂತೆಯೇ ಉಳಿದಿವೆ. ಮತ್ತೊಂದು ಕೊರತೆಯು ಹೊಸದಾಗಿ ಬಂದಿದೆ. ಬಿಲ್ಲೆಗಳ ಗಾಡಿಯಲ್ಲಿ ಮುಂದಿನ ಗಾಲಿಗಳು ಬಳಸಲಾರದ ಬಲವು ದಂಡದ ಮೂಲಕ ಹಿಂದಿನವುಗಳಿಗೆ ಹೋಗಿ ಸೇರುತ್ತಿದ್ದಿತು. ಇಲ್ಲಿ ಮುಂದಿನವು ನೀರ್ಗಲ್ಲಿನ ಮೇಲೆ ನಿಂತರೆ ಹಿಂದಿನವುಗಳಿಗೆ ತಮ್ಮ ಮೋಟಾರಿನ ಬಲವಷ್ಟೇ ಗತಿ. ಅದು ಚಿಕ್ಕದಾಗಿದ್ದರೆ, ಬ್ಯಾಟರಿಯಲ್ಲಿ ಎಷ್ಟೇ ಶಕ್ತಿಯಿದ್ದರೂ, ನಿಯಂತ್ರಕವು ಎಷ್ಟೇ ಸರಿಯಾಗಿ ಊಹಿಸಿದ್ದರೂ, ಮುಂದಿನ ಮೋಟಾರಿನ ಬಲವು ಹಿಂದಿನ ಗಾಲಿಗಳಿಗೆ ತಲುಪದು.